ಎಂಬತ್ತು ವರ್ಷಕ್ಕೊಂದು ಸುತ್ತು

ಹೋದ ವಾರ ಈ ಪುಟದಲ್ಲಿ ನಾನು ಕಾಣಿಸಲಿಲ್ಲ. ಮೇಷ್ಟ್ರಿಗೆ ಹುಷಾರಿಲ್ಲವೇನೋ ಎಂದುಕೊಂಡ ಮಕ್ಕಳಿಗೆ ಮೊದಲೇ ಹೇಳಿಬಿಡುತ್ತೇನೆ, ಗುಂಡುಕಲ್ಲಿನ ಹಾಗಿದ್ದೇನೆ. ನಮ್ಮ ಅಮ್ಮನಿಗೆ ಸಹಸ್ರಚಂದ್ರ ದರ್ಶನದ ಶಾಂತಿ ಇತ್ತು. ಮನೆ ತುಂಬ ನೆಂಟರು, ಅಂಗಳದ ತುಂಬ ಚಪ್ಪಲಿ. ಬರೆಯೋಣ ಎಂದು ಕುಳಿತರೆ ಮೇಜಿನ ಮೇಲೆ ಬಾಳೆಎಲೆಯ ಕಟ್ಟು.

ಸಹಸ್ರಚಂದ್ರ ಎಂದರೆ ಸಾವಿರ ಹುಣ್ಣಿಮೆ ಕಂಡವರಿಗೆ ಮಾಡುವ ಶಾಂತಿ. ಒಂದು ಹುಣ್ಣಿಮೆಯಿಂದ ಇನ್ನೊಂದಕ್ಕೆ ಸುಮಾರು ಇಪ್ಪತ್ತೊಂಬತ್ತೂವರೆ ದಿನ. ಅದನ್ನು ಸಾವಿರದಿಂದ ಗುಣಿಸಿ, 365ರಿಂದ ಭಾಗಿಸಿ. 81 ವರ್ಷಕ್ಕೆ ಒಂದೆರಡು ತಿಂಗಳು ಕಡಿಮೆ ಬರುತ್ತದೆ. ನಮ್ಮ ಅಮ್ಮ ಹುಟ್ಟಿದ್ದು 1945ರಲ್ಲಿ. ಈ ಲೆಕ್ಕವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಸಾವಿರ ಚಂದ್ರರನ್ನು ಕಂಡವಳ ಹಬ್ಬಕ್ಕೆ ಅವತ್ತು ಚಂದ್ರನೇ ಗೈರುಹಾಜರು. ಕೃಷ್ಣಪಕ್ಷ. ಅವನು ಹುಟ್ಟುವುದು ನಡುರಾತ್ರಿ ಕಳೆದ ಮೇಲೆ. ಊಟ ಮುಗಿದು, ಮಕ್ಕಳೆಲ್ಲ ತಾರಸಿಯ ಮೇಲೆ ಚಾಪೆ ಹಾಸುತ್ತಿದ್ದಾಗ ಅಮ್ಮ ಕೋಲೂರಿಕೊಂಡು ಹೊರಟೇಬಿಟ್ಟಳು. “ಚಂದ್ರ ಬರದಿದ್ರೆ ಬಿಡು, ನಕ್ಷತ್ರನಾದ್ರೂ ನೋಡ್ತೀನಿ. ಕಣ್ಣಿಗೆ ಅಷ್ಟು ದುಡ್ಡು ಸುರಿದಿಲ್ವೇನೋ?” ಅಂದಳು.

ಹೋದ ವರ್ಷವಷ್ಟೇ ಅವಳ ಎರಡೂ ಕಣ್ಣಿನ ಪೊರೆ ತೆಗೆಸಿದೆವು. ಅದಕ್ಕೆ ಮುಂಚೆ ಅವಳಿಗೆ ಬೀದಿದೀಪ ಎರಡೆರಡು ಕಾಣುತ್ತಿತ್ತು. ಚಂದ್ರನೂ ಎರಡು. “ನಾನು ಸಾವಿರ ಅಲ್ಲ, ಎರಡು ಸಾವಿರ ನೋಡಿದೀನಿ” ಎಂದು ಪುರೋಹಿತರ ಹತ್ತಿರವೂ ತಮಾಷೆ ಮಾಡಿದ್ದಳು.

ನಮ್ಮ ಮನೆ ಊರಿನ ದಕ್ಷಿಣದ ಕೊನೆಯಲ್ಲಿದೆ. ಆಚೆಗೆ ಕೆರೆ, ಕೆರೆಯಾಚೆ ಗದ್ದೆ. ದಕ್ಷಿಣ ದಿಕ್ಕಿಗೆ ಒಂದು ದೀಪವೂ ಅಡ್ಡ ಬರುವುದಿಲ್ಲ. ಮೇ ತಿಂಗಳ ನಡುವಿನಲ್ಲಿ ರಾತ್ರಿ ಒಂಬತ್ತು, ಒಂಬತ್ತೂವರೆಗೆ ಆ ಕಡೆ ಮುಖ ಮಾಡಿ ನಿಂತರೆ, ನೇರ ಎದುರಿಗೆ ನಾಲ್ಕು ನಕ್ಷತ್ರಗಳು ಒಂದು ಪುಟ್ಟ ಗಾಳಿಪಟದ ಹಾಗೆ ನೆಟ್ಟಗೆ ನಿಂತಿರುತ್ತವೆ. ಅದೇ ತ್ರಿಶಂಕು.

“ಇವನಾ ತ್ರಿಶಂಕು?” ಎಂದು ಅಮ್ಮ ಕೈಯನ್ನು ಹುಬ್ಬಿಗೆ ಅಡ್ಡ ಹಿಡಿದು ನೋಡಿದಳು. ಕಥೆ ಅವಳ ಬಾಯಲ್ಲೇ ಬಂತು. ಮೈಸಮೇತ ಸ್ವರ್ಗಕ್ಕೆ ಹೋಗಬೇಕೆಂದ ರಾಜ. ವಿಶ್ವಾಮಿತ್ರರು ಕಳಿಸಿದರು, ಇಂದ್ರ ತಳ್ಳಿದ. ಅವನು ತಲೆಕೆಳಗಾಗಿ ಬೀಳುವಾಗ ವಿಶ್ವಾಮಿತ್ರರು ‘ನಿಲ್ಲು’ ಎಂದರು, ಅಲ್ಲೇ ನಿಂತುಬಿಟ್ಟ. ಅಷ್ಟಕ್ಕೇ ಕೋಪ ಇಳಿಯದೆ ದಕ್ಷಿಣ ದಿಕ್ಕಿನಲ್ಲಿ ಹೊಸ ನಕ್ಷತ್ರಗಳನ್ನೇ ಸೃಷ್ಟಿ ಮಾಡಲು ಕುಳಿತರಂತೆ.

“ಹಾಗಾದ್ರೆ ದೊಡ್ಡಜ್ಜಿ, ಅದೂ ಅವರು ಮಾಡಿದ್ದೇನಾ?” ಮೊಮ್ಮಗಳು ಬೆರಳು ತೋರಿಸಿದಳು. ಅವಳಿಗೆ ಹತ್ತು ವರ್ಷ. ಬೆಂಗಳೂರಿನಿಂದ ಬೇಸಿಗೆ ರಜೆಗೆ ಬಂದವಳು.

ತ್ರಿಶಂಕುವಿನ ಎಡಗಡೆಗೆ, ಸ್ವಲ್ಪ ಕೆಳಗೆ, ಎರಡು ಹೊಳೆಯುವ ನಕ್ಷತ್ರಗಳಿವೆ. ಕೈ ಚಾಚಿ ಮೂರು ಬೆರಳು ಜೋಡಿಸಿದರೆ ಹೆಚ್ಚುಕಡಿಮೆ ಅವುಗಳ ನಡುವಿನ ಜಾಗ ತುಂಬುತ್ತದೆ. ಎಡಕೊನೆಯಲ್ಲಿರುವುದೇ ಹೆಚ್ಚು ಪ್ರಕಾಶ. ಕಿನ್ನರ ಮಂಡಲದ ಮೊದಲನೆಯ ನಕ್ಷತ್ರ ಅದು. ಆಲ್ಫಾ ಸೆಂಟಾರಿ ಎಂಬ ಹೆಸರನ್ನು ಮಕ್ಕಳು ಸಿನಿಮಾದಲ್ಲೋ ಆಟದಲ್ಲೋ ಕೇಳಿಯೇ ಇರುತ್ತೀರಿ. ರಾತ್ರಿಯ ಆಕಾಶದಲ್ಲಿ ಲುಬ್ಧಕ ಮತ್ತು ಅಗಸ್ತ್ಯ ಬಿಟ್ಟರೆ ಇಷ್ಟು ಹೊಳೆಯುವ ನಕ್ಷತ್ರ ಬೇರೆ ಇಲ್ಲ. ಕನ್ನಡ ನಾಡಿನಲ್ಲಿರುವ ನಮಗೆ ಇದನ್ನು ನೋಡುವ ಭಾಗ್ಯವಿದೆ. ದೆಹಲಿಯಲ್ಲಿ ಅದು ನೆಲವನ್ನು ಸವರಿದಂತೆ ಬಂದು ಹೋಗುತ್ತದೆ, ಧೂಳಿನಲ್ಲಿ ಕಾಣುವುದಿಲ್ಲ. ಶ್ರೀನಗರದಲ್ಲಿ ಹುಟ್ಟುವುದೇ ಇಲ್ಲ. ಅತ್ತ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಮುಳುಗುವುದೇ ಇಲ್ಲ!

ನಮ್ಮ ಶಾಲೆಯದೊಂದು ಮೂರಿಂಚಿನ ದೂರದರ್ಶಕವಿದೆ. ರಜೆಯಲ್ಲಿ ಅದನ್ನು ಕಾಯುವ ಕೆಲಸ ನನ್ನದಾದ್ದರಿಂದ ಅದು ನಮ್ಮ ಮನೆಯಲ್ಲೇ ಇರುತ್ತದೆ. ಅದನ್ನು ಆ ನಕ್ಷತ್ರಕ್ಕೆ ಗುರಿಯಿಟ್ಟು, ಕುರ್ಚಿ ಹಾಕಿ, ಹಬ್ಬ ಅವಳದಲ್ಲವೇ ಎಂದು ಅಮ್ಮನನ್ನೇ ಮೊದಲು ಕೂರಿಸಿದೆ. ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಇಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಮೆಲ್ಲಗೆ ನನ್ನ ಕೈ ಹಿಡಿದು, “ಯಾರಿಗೂ ಹೇಳ್ಬೇಡ ಕಣೋ. ಆಪರೇಷನ್ ಕೆಟ್ಟಿದೆ. ಮತ್ತೆ ಎರಡೆರಡು ಕಾಣ್ತಿದೆ” ಅಂದಳು.

ನನಗೆ ನಗು ತಡೆಯಲಾಗಲಿಲ್ಲ. ಮೊಮ್ಮಗಳು ಕಣ್ಣಿಟ್ಟು, “ನಂಗೂ ಎರಡೇ ಕಾಣ್ತಿದೆ ದೊಡ್ಡಜ್ಜಿ!” ಎಂದು ಕುಣಿದಾಡಿದಳು. ಒಂದಕ್ಕೊಂದು ಅಂಟಿಕೊಂಡಂತೆ ಎರಡು ಚಿನ್ನದ ಚುಕ್ಕಿಗಳು. ಒಂದು ಹಳದಿ, ಇನ್ನೊಂದು ಕೊಂಚ ಮಂದ, ಕೊಂಚ ಕಿತ್ತಳೆ. ಅಮ್ಮನ ಕಣ್ಣು ಸರಿಯಾಗಿಯೇ ಇತ್ತು. ಆ ನಕ್ಷತ್ರವೇ ಎರಡು.

ಜೋಡಿ ನಕ್ಷತ್ರ ನಮಗೇನು ಹೊಸದಲ್ಲ. ಮದುವೆಯಲ್ಲಿ ಪುರೋಹಿತರು ಹಾಡುಹಗಲಿನಲ್ಲಿಯೇ ‘ನೋಡಿ ಅರುಂಧತಿ’ ಎನ್ನುತ್ತಾರೆ, ವಧೂವರರು ‘ಕಂಡೆವು’ ಎನ್ನುತ್ತಾರೆ, ಪಾಪ. ನಿಜವಾಗಿ ಕಾಣಬೇಕಾದರೆ ಇದೇ ಹೊತ್ತಿನಲ್ಲಿ ಹಿಂದಕ್ಕೆ ತಿರುಗಿ ಉತ್ತರದಲ್ಲಿ ಸಪ್ತರ್ಷಿ ಮಂಡಲ ನೋಡಿ. ಬಾಲದಿಂದ ಎರಡನೆಯ ನಕ್ಷತ್ರ ವಸಿಷ್ಠ, ಅದರ ಪಕ್ಕದಲ್ಲೇ ಮಿಣುಕುವುದು ಅರುಂಧತಿ. ಒಳ್ಳೆಯ ಕಣ್ಣಿದ್ದರೆ ಅವೆರಡೂ ಬೇರೆಬೇರೆ ಕಾಣುತ್ತವೆ. ಆದರೆ ದಕ್ಷಿಣದ ಈ ಜೋಡಿಯ ನಡುವೆ ನಮಗೆ ಕಾಣುವ ಅಂತರ ಅದರ ಎಪ್ಪತ್ತು–ಎಂಬತ್ತರಲ್ಲಿ ಒಂದು ಪಾಲು. ಎಂಥ ಹದ್ದಿನ ಕಣ್ಣಿಗೂ ಒಂದೇ ಚುಕ್ಕಿ.

ಇದು ಎರಡು ಎಂದು ಮೊದಲು ಕಂಡುಹಿಡಿದದ್ದು ಎಲ್ಲಿ ಗೊತ್ತೇ? ಮಕ್ಕಳೆಲ್ಲ ಲಂಡನ್, ಪ್ಯಾರಿಸ್ ಎಂದು ಊಹಿಸಿದರು. ಅಲ್ಲಿಂದ ಇದು ಕಾಣುವುದೇ ಇಲ್ಲವಲ್ಲ! ಕಂಡುಹಿಡಿದದ್ದು ನಮ್ಮ ಪಕ್ಕದ ಪುದುಚೇರಿಯಲ್ಲಿ, 1689ರ ಡಿಸೆಂಬರಿನಲ್ಲಿ. ಕಂಡವರು ಜ್ಯಾನ್ ರಿಶೋ ಎಂಬ ಫ್ರೆಂಚ್ ಪಾದ್ರಿ. ಅವರು ಮೊದಲು ಹೋಗಿದ್ದು ಸಯಾಮಿಗೆ, ಅಂದರೆ ಈಗಿನ ಥಾಯ್ಲೆಂಡಿಗೆ. ಅಲ್ಲಿನ ರಾಜ ನಾರಾಯ್ ಫ್ರೆಂಚರಿಗೆ ಬೇಕಾದವನು. 1688ರಲ್ಲಿ ಅಲ್ಲಿ ದಂಗೆಯಾಯಿತು, ರಾಜ ತೀರಿಕೊಂಡ, ಫ್ರೆಂಚರು ಜಾಗ ಖಾಲಿ ಮಾಡಬೇಕಾಯಿತು. ಹಾಗೆ ಓಡಿ ಬಂದವರಲ್ಲಿ ರಿಶೋ ಒಬ್ಬರು, ಬಂದು ಸೇರಿದ್ದು ಪುದುಚೇರಿಗೆ. ಅಲ್ಲಿ ಒಂದು ಧೂಮಕೇತುವನ್ನು ಹಿಂಬಾಲಿಸಿ ದೂರದರ್ಶಕ ಹಿಡಿದಿದ್ದಾಗ ಪಕ್ಕದಲ್ಲಿದ್ದ ಈ ನಕ್ಷತ್ರ ಕಣ್ಣಿಗೆ ಬಿತ್ತು. ನೋಡಿದರೆ ಎರಡು! ಡಿಸೆಂಬರಿನಲ್ಲಿ ಇದು ಬೆಳಗಿನ ಜಾವ ಮಾತ್ರ ಕಾಣುತ್ತದೆ, ನಮ್ಮಲ್ಲಿ ಧನುರ್ಮಾಸದ ಪೂಜೆಗೆ ಏಳುವ ಹೊತ್ತಿನಲ್ಲಿ. ಹುಡುಕಿದ್ದು ಬಾಲದ ನಕ್ಷತ್ರ, ಸಿಕ್ಕಿದ್ದು ಜೋಡಿ ನಕ್ಷತ್ರ. ಆ ಧೂಮಕೇತುವನ್ನು ಈಗ ಯಾರೂ ನೆನೆಯುವುದಿಲ್ಲ.

ಈ ಎರಡೂ ಅಕ್ಕಪಕ್ಕ ಸುಮ್ಮನೆ ನಿಂತಿಲ್ಲ. ಇಬ್ಬರು ಮಕ್ಕಳು ಕೈಕೈ ಹಿಡಿದು ಗಿರಗಿರನೆ ತಿರುಗುವುದಿಲ್ಲವೇ, ಹಾಗೆ ಒಂದನ್ನೊಂದು ಸುತ್ತುತ್ತಿವೆ. ದಪ್ಪ ಹುಡುಗ ನಿಂತಲ್ಲೇ ಸಣ್ಣ ಸುತ್ತು ಹಾಕುತ್ತಾನೆ, ತೆಳ್ಳಗಿನವನು ದೊಡ್ಡ ಸುತ್ತು. ಇಲ್ಲಿ ಇಬ್ಬರಿಗೂ ತೂಕದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ದೊಡ್ಡದು ನಮ್ಮ ಸೂರ್ಯನಿಗಿಂತ ಕೊಂಚ ಭಾರ, ಚಿಕ್ಕದು ಕೊಂಚ ಹಗುರ. ಸುತ್ತುವ ದಾರಿ ಉದ್ದುದ್ದ ಇರುವುದರಿಂದ ಒಮ್ಮೆ ಹತ್ತಿರ ಬರುತ್ತವೆ, ಒಮ್ಮೆ ದೂರ ಹೋಗುತ್ತವೆ. ಹತ್ತಿರ ಬಂದಾಗ ನಡುವಿನ ಅಂತರ ಸೂರ್ಯನಿಂದ ಶನಿಗಿರುವುದಕ್ಕಿಂತ ಸ್ವಲ್ಪ ಹೆಚ್ಚು. ದೂರ ಹೋದಾಗ ಸೂರ್ಯನಿಂದ ನೆಪ್ಚೂನ್ ಗ್ರಹಕ್ಕಿಂತಲೂ ಆಚೆ.

ಒಂದು ಸುತ್ತು ಮುಗಿಯಲು ಎಷ್ಟು ಕಾಲ? ಹತ್ತಿರಹತ್ತಿರ 80 ವರ್ಷ.

ಈಗ ಮೊದಲು ಹಾಕಿದ ಲೆಕ್ಕಕ್ಕೆ ಬನ್ನಿ. ಮನುಷ್ಯನೊಬ್ಬ ಸಾವಿರ ಹುಣ್ಣಿಮೆ ಕಾಣುವಷ್ಟರಲ್ಲಿ ಈ ಜೋಡಿ ಒಂದು ಪ್ರದಕ್ಷಿಣೆ ಮುಗಿಸಿರುತ್ತದೆ. ಅಮ್ಮ ಹುಟ್ಟಿದಾಗ ಅವು ಎಲ್ಲಿದ್ದವೋ ಆ ಜಾಗವನ್ನು ದಾಟಿ ಈಗ ಎರಡನೆಯ ಸುತ್ತಿನಲ್ಲಿವೆ. ಅಮ್ಮನಿಗೆ ಹತ್ತು ವರ್ಷವಾಗಿದ್ದಾಗ, 1955ರಲ್ಲಿ, ಅವು ಒಂದಕ್ಕೊಂದು ಅತಿ ಹತ್ತಿರ ಬಂದಿದ್ದವು. ಆಮೇಲೆ ದೂರ ಸರಿಯುತ್ತ ಸರಿಯುತ್ತ 1995ರ ಹೊತ್ತಿಗೆ ದಾರಿಯ ಆ ತುದಿ ಮುಟ್ಟಿದವು. ಆಗ ನನ್ನ ಮಗಳು, ಅಂದರೆ ಈ ಹುಡುಗಿಯ ಅಮ್ಮ, ಅಂಗನವಾಡಿಗೆ ಹೋಗುತ್ತಿದ್ದಳು. ಈಗ ಮತ್ತೆ ಹತ್ತಿರವಾಗುತ್ತಿವೆ.

ರಿಶೋ ಕಂಡ ದಿನದಿಂದ ಲೆಕ್ಕ ಹಾಕಿದರೆ ನಾಲ್ಕು ಸುತ್ತು ಮುಗಿದು ಐದನೆಯದು ನಡೆಯುತ್ತಿದೆ. ಒಂದು ಸುತ್ತನ್ನು ಮೊದಲಿನಿಂದ ಕೊನೆಯವರೆಗೆ ಅಳೆಯುವುದು ಒಬ್ಬರಿಂದ ಆಗುವ ಕೆಲಸವಲ್ಲ. ಒಬ್ಬರು ಅಳೆದು ಬರೆದಿಟ್ಟದ್ದನ್ನು ಅವರ ನಂತರದವರು ಮುಂದುವರಿಸಿದರು, ಅವರದನ್ನು ಇನ್ನೊಬ್ಬರು. ಮುಂದಿನವರ ಮುಖವನ್ನು ಹಿಂದಿನವರು ಕಂಡಿರಲಿಲ್ಲ. 80 ವರ್ಷ ಎಂದು ನಾನು ಸಲೀಸಾಗಿ ಬರೆದುಬಿಟ್ಟೆನಲ್ಲ, ಅದು ಹಾಗೆ ಕೂಡಿದ ಅಂಕಿ.

“ತಾತ, ಅದು ಎಷ್ಟು ದೂರ?” ಎಂದಳು ಮೊಮ್ಮಗಳು. ಚಿತ್ರಾನ್ನಕ್ಕೆ ತಂದು ಮಿಕ್ಕಿದ್ದ ನಿಂಬೆಹಣ್ಣಿನ ಬುಟ್ಟಿ ಕೆಳಗಿತ್ತು. ಮೂರು ಹಣ್ಣು ತರಿಸಿದೆ. ನಾಲ್ಕು ಸೆಂಟಿಮೀಟರ್ ಅಗಲದ ಒಂದು ಹಣ್ಣು ನಮ್ಮ ಸೂರ್ಯ. ಆಗ ಭೂಮಿ ನಾಲ್ಕು ಹೆಜ್ಜೆ ಆಚೆ ಬಿದ್ದಿರುವ ಒಂದು ಸಣ್ಣ ರವೆ ಕಾಳು. ಈ ಸೂರ್ಯ-ನಿಂಬೆಯನ್ನು ಬೆಂಗಳೂರಿನಲ್ಲಿಟ್ಟರೆ, ಉಳಿದ ಎರಡು ಹಣ್ಣುಗಳನ್ನು, ಒಂದು ತುಸು ದಪ್ಪ, ಒಂದು ತುಸು ಸಣ್ಣ, ಎಲ್ಲಿಡಬೇಕು? ಸುಮಾರು 1,200 ಕಿಲೋಮೀಟರ್ ದೂರದಲ್ಲಿ, ಭೋಪಾಲನ್ನು ದಾಟಿ. ಅವೆರಡರ ನಡುವೆ ಹತ್ತಿರ ಬಂದಾಗ ಐವತ್ತು ಮೀಟರ್ ಜಾಗ, ದೂರ ಹೋದಾಗ ನೂರೈವತ್ತು. ಬೆಂಗಳೂರಿನಲ್ಲಿ ನಿಂತು ಭೋಪಾಲಿನಾಚೆಯ ಎರಡು ನಿಂಬೆಹಣ್ಣುಗಳನ್ನು ಬೇರೆಬೇರೆ ನೋಡಿದ್ದೇವೆ, ಅದೂ ಶಾಲೆಯ ಮೂರಿಂಚಿನ ದೂರದರ್ಶಕದಲ್ಲಿ. ಮೂರಿಂಚು ಎಂದು ನಕ್ಕವರು ಈಗ ಸುಮ್ಮನಾಗಿ.

ಇಷ್ಟು ದೂರವನ್ನು ಅಳೆದದ್ದು ಹೇಗೆ? ಕೈ ಚಾಚಿ ಹೆಬ್ಬೆರಳು ಎತ್ತಿ. ಒಮ್ಮೆ ಎಡಗಣ್ಣು ಮುಚ್ಚಿ, ಒಮ್ಮೆ ಬಲಗಣ್ಣು. ಹೆಬ್ಬೆರಳು ಹಿಂದಿನ ಗೋಡೆಯ ಮೇಲೆ ಆಚೀಚೆ ಜಿಗಿದಂತೆ ಕಾಣುತ್ತದೆ. ಅದೇ ಉಪಾಯ. ಭೂಮಿ ಸೂರ್ಯನ ಈ ಕಡೆ ಇದ್ದಾಗೊಮ್ಮೆ, ಆರು ತಿಂಗಳು ಬಿಟ್ಟು ಆ ಕಡೆ ಹೋದಾಗೊಮ್ಮೆ ನೋಡಿದರೆ, ಹತ್ತಿರದ ನಕ್ಷತ್ರ ದೂರದವುಗಳ ನಡುವೆ ತುಸು ಜರುಗಿರುತ್ತದೆ. ತುಸು ಎಂದರೆ ಎಷ್ಟು? ಮೂರೂಮುಕ್ಕಾಲು ಕಿಲೋಮೀಟರ್ ಆಚೆ ಹಿಡಿದ ಹತ್ತು ರೂಪಾಯಿ ನಾಣ್ಯದ ಅಗಲದಷ್ಟು! ಥಾಮಸ್ ಹೆಂಡರ್ಸನ್ ಎಂಬ ಸ್ಕಾಟ್ಲೆಂಡಿನವರು 1832–33ರಲ್ಲಿ ದಕ್ಷಿಣ ಆಫ್ರಿಕಾದ ಕೇಪ್ ವೀಕ್ಷಣಾಲಯದಲ್ಲಿ ಕುಳಿತು ಇದನ್ನು ಹಿಡಿದರು. ಆದರೆ ತಪ್ಪಿದ್ದರೆ ಎಂಬ ಅಳುಕಿನಿಂದ ಲೆಕ್ಕವನ್ನು ಕೈಯಲ್ಲೇ ಇಟ್ಟುಕೊಂಡರು. ಅಷ್ಟರಲ್ಲಿ 1838ರಲ್ಲಿ ಜರ್ಮನಿಯ ಬೆಸೆಲ್ ಬೇರೊಂದು ನಕ್ಷತ್ರದ ದೂರ ಪ್ರಕಟಿಸಿ ಮೊದಲಿಗರೆನಿಸಿಕೊಂಡರು. ಹೆಂಡರ್ಸನ್ ಪ್ರಕಟಿಸಿದ್ದು 1839ರಲ್ಲಿ. ತರಗತಿಯಲ್ಲಿ ಉತ್ತರ ಗೊತ್ತಿದ್ದೂ ಕೈಯೆತ್ತದ ಮಕ್ಕಳನ್ನು ಕಂಡಾಗಲೆಲ್ಲ ನನಗೆ ಇವರ ನೆನಪಾಗುತ್ತದೆ.

ಈಗ ಗೊತ್ತಿರುವ ದೂರ ಸುಮಾರು 4.37 ಜ್ಯೋತಿರ್ವರ್ಷ. ಅಲ್ಲಿಂದ ಹೊರಟ ಬೆಳಕು ಇಲ್ಲಿಗೆ ಬರಲು ನಾಲ್ಕು ವರ್ಷ ನಾಲ್ಕು ತಿಂಗಳು ಬೇಕು. “ಅಂದರೆ ಪುಟ್ಟಿ, ಈಗ ನಿನ್ನ ಕಣ್ಣಿಗೆ ಬಿದ್ದ ಬೆಳಕು ಹೊರಟದ್ದು 2022ರ ಜನವರಿಯಲ್ಲಿ” ಎಂದೆ.

“ಆಗ ನಾನು ಯುಕೆಜಿ! ಮೊಬೈಲಲ್ಲಿ ಕ್ಲಾಸು!” ಎಂದಳು.

“ಆಗ ನನ್ನ ಕಣ್ಣಲ್ಲಿ ಪೊರೆ” ಎಂದಳು ಅಮ್ಮ. “ಅದು ಬಂದು ಸೇರೋ ಹೊತ್ತಿಗೆ ಸರಿಯಾಗಿ ತೆಗೆಸಿದಿರಿ.”

ಈ ಮನೆಯಲ್ಲಿ ಮೂರನೆಯವನೂ ಒಬ್ಬನಿದ್ದಾನೆ. ಬರಿಗಣ್ಣಿಗಿರಲಿ, ನಮ್ಮ ದೂರದರ್ಶಕಕ್ಕೂ ಕಾಣದ ಕೆಂಪು ಪುಟಾಣಿ. 1915ರಲ್ಲಿ ರಾಬರ್ಟ್ ಇನ್ನೆಸ್ ಎಂಬವರು ಜೋಹಾನ್ಸ್‌ಬರ್ಗಿನಲ್ಲಿ ಅದನ್ನು ಪತ್ತೆ ಹಚ್ಚಿದರು. ಹೆಸರು ಪ್ರಾಕ್ಸಿಮಾ, ಅಂದರೆ ಅತಿ ಹತ್ತಿರದ್ದು. ಸೂರ್ಯನನ್ನು ಬಿಟ್ಟರೆ ನಮಗೆ ಎಲ್ಲಕ್ಕಿಂತ ಹತ್ತಿರದ ನಕ್ಷತ್ರ ಇದೇ, 4.24 ಜ್ಯೋತಿರ್ವರ್ಷ. ನಮ್ಮ ನಿಂಬೆಹಣ್ಣಿನ ಲೆಕ್ಕದಲ್ಲಿ ಇದು ಆ ಎರಡು ಹಣ್ಣಿನಿಂದ ಐವತ್ತಾರು ಕಿಲೋಮೀಟರ್ ಆಚೆ ಬಿದ್ದ ಒಂದು ತೊಗರಿಕಾಳು. ಅಷ್ಟು ದೂರದಿಂದಲೂ ಅಣ್ಣಂದಿರಿಬ್ಬರನ್ನು ಸುತ್ತುತ್ತಿದೆ, ಸುತ್ತಿಗೆ ಐದು ಲಕ್ಷ ವರ್ಷಕ್ಕೂ ಹೆಚ್ಚು. 2016ರಲ್ಲಿ ಇದಕ್ಕೊಂದು ಗ್ರಹವಿದೆ ಎಂದು ತಿಳಿಯಿತು. ಆ ಗ್ರಹದ ಒಂದು ವರ್ಷ ಎಂದರೆ ನಮ್ಮ ಹನ್ನೊಂದು ದಿನ ಚಿಲ್ಲರೆ. ಹನ್ನೊಂದು ದಿನಕ್ಕೊಂದು ಹುಟ್ಟುಹಬ್ಬ ಎಂದು ಮಕ್ಕಳು ಕೂಗಿದರು. ಹನ್ನೊಂದು ದಿನಕ್ಕೊಂದು ವಾರ್ಷಿಕ ಪರೀಕ್ಷೆಯೂ ಇರುತ್ತದೆ ಎಂದೆ. ಯಾರಿಗೂ ಅಲ್ಲಿ ಹೋಗುವ ಆಸೆ ಉಳಿಯಲಿಲ್ಲ. ಹೋಗುವುದೂ ಸುಲಭವಲ್ಲ. ಸೆಕೆಂಡಿಗೆ ಹದಿನೇಳು ಕಿಲೋಮೀಟರ್ ಓಡುವ ವಾಯೇಜರ್ ನೌಕೆ ಆ ಕಡೆ ತಿರುಗಿದ್ದರೂ ತಲುಪಲು ಸುಮಾರು 75,000 ವರ್ಷ ಹಿಡಿಯುತ್ತಿತ್ತು.

ಜೋಡಿಯಲ್ಲಿ ದೊಡ್ಡದರ ಬಳಿಯೂ ಒಂದು ಗ್ರಹ ಇರಬಹುದೆಂದು ಜೇಮ್ಸ್ ವೆಬ್ ದೂರದರ್ಶಕದಿಂದ ನೋಡಿದವರು 2025ರ ಆಗಸ್ಟಿನಲ್ಲಿ ಹೇಳಿದರು. ಇರಬಹುದು ಎಂದಷ್ಟೇ. ಒಮ್ಮೆ ಕಂಡದ್ದು ಮತ್ತೆ ನೋಡಿದಾಗ ಕಾಣಲಿಲ್ಲ. ಇದೆ ಎಂದೇ ಇಟ್ಟುಕೊಳ್ಳಿ. ಅಲ್ಲಿ ನಿಂತು ನೋಡಿದರೆ ಆಕಾಶ ಹೇಗಿರುತ್ತದೆ? ಹಗಲಿಗೆ ಒಬ್ಬ ಸೂರ್ಯ. ಅವನು ಮುಳುಗಿದ ಮೇಲೆ ಎಷ್ಟೋ ರಾತ್ರಿ ಎರಡನೆಯವನು ತಲೆಯ ಮೇಲೆ ಉರಿಯುತ್ತಿರುತ್ತಾನೆ, ಸೂಜಿಮೊನೆಯಂಥ ಚುಕ್ಕಿಯಾಗಿ. ಆ ಚುಕ್ಕಿಯ ಬೆಳಕೆಷ್ಟು? ಅದು ದೂರ ಹೋಗಿದ್ದಾಗ ನಮ್ಮ ಹುಣ್ಣಿಮೆ ಚಂದ್ರನ ನೂರೈವತ್ತು ಪಟ್ಟು. ಅತಿ ಹತ್ತಿರ ಬಂದಾಗ ಸಾವಿರದ ಆರುನೂರು ಪಟ್ಟು. ಅಲ್ಲಿಂದ ಇಲ್ಲಿಗೆ ಬರುವ ದಾರಿಯಲ್ಲಿ ಎಲ್ಲೋ ಒಂದು ಕಡೆ ಅದು ಸರಿಯಾಗಿ ಸಾವಿರ ಹುಣ್ಣಿಮೆಯಷ್ಟು ಬೆಳಗಲೇಬೇಕು.

ಇದನ್ನು ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದಾಗ ಅಮ್ಮ ಕನ್ನಡಕ ಸರಿಮಾಡಿಕೊಂಡು, “ಹಾಗಾದ್ರೆ ಅಲ್ಲಿಯವರಿಗೆ ಒಂದೇ ರಾತ್ರೀಲಿ ಸಹಸ್ರಚಂದ್ರ ದರ್ಶನ! ಪುಣ್ಯವಂತರು, ಎಂಬತ್ತು ವರ್ಷ ಮಂಡಿನೋವು ತಿನ್ನೋ ಹಾಗಿಲ್ಲ” ಅಂದಳು.

ನೀವೂ ನೋಡಬೇಕಾದರೆ ತಡಮಾಡಬೇಡಿ, ಮಳೆ ಹಿಡಿದರೆ ಈ ವರ್ಷಕ್ಕೆ ಮುಗಿಯಿತು. ಮೇ ಕೊನೆಯಲ್ಲಿ ರಾತ್ರಿ ಹತ್ತು, ಹತ್ತೂವರೆಗೆ ಅದು ದಕ್ಷಿಣದಲ್ಲಿ ತನ್ನ ಪೂರ್ತಿ ಎತ್ತರಕ್ಕೆ ಬಂದಿರುತ್ತದೆ. ಪೂರ್ತಿ ಎಂದರೂ ಬಹಳವಿಲ್ಲ. ಕೈ ಚಾಚಿ ಮುಷ್ಟಿ ಹಿಡಿದರೆ ಬೆಂಗಳೂರು, ಮೈಸೂರು, ಮಂಗಳೂರಿನವರಿಗೆ ಒಂದೂವರೆ ಮುಷ್ಟಿ ಎತ್ತರ, ಬೀದರಿನವರಿಗೆ ಒಂದು ಮುಷ್ಟಿಗಿಂತ ಚೂರು ಹೆಚ್ಚು. ದಕ್ಷಿಣಕ್ಕೆ ಮರ, ಮನೆ, ಊರಿನ ದೀಪ ಇಲ್ಲದ ಕಡೆ ಹುಡುಕಿ. ಕೆರೆ ಏರಿ ಒಳ್ಳೆಯದು, ಆದರೆ ದೊಡ್ಡವರಿಲ್ಲದೆ ಹೋಗಬೇಡಿ, ಟಾರ್ಚ್ ಇರಲಿ. ತ್ರಿಶಂಕು ಆ ಹೊತ್ತಿಗೆ ಬಲಕ್ಕೆ ವಾಲಿರುತ್ತಾನೆ. ಅವನ ಎಡಕ್ಕಿರುವ ಎರಡು ಹೊಳೆಯುವ ನಕ್ಷತ್ರಗಳಲ್ಲಿ ಅವನಿಂದ ದೂರದ್ದೇ ನಮ್ಮದು. ಪಕ್ಕದ ಇನ್ನೊಂದು ಇದರ ನೆಂಟನಲ್ಲ, ಅದು ಎಷ್ಟೋ ಪಟ್ಟು ದೂರ, ಸಾಲಿನಲ್ಲಿ ನಿಂತಂತೆ ಕಾಣುತ್ತದೆ ಅಷ್ಟೆ. ಬೆಳಗಿನ ಜಾವ ಏಳುವ ಅಜ್ಜ ಅಜ್ಜಿಯರು ಜನವರಿ, ಫೆಬ್ರವರಿಯಲ್ಲಿ ಐದು ಗಂಟೆಗೆ ಹೊರಗೆ ಬಂದರೂ ಸಿಗುತ್ತದೆ.

ಮೊಮ್ಮಗಳು ಅವತ್ತೇ ತನ್ನ ರಜೆಯ ನೋಟ್‌ಬುಕ್ಕಿನಲ್ಲಿ ಒಂದು ವೃತ್ತ ಬರೆದು, ಒಳಗೆ ಎರಡು ಚುಕ್ಕಿ ಇಟ್ಟು, ದಿನಾಂಕ, ಗಂಟೆ, ನೋಡಿದವರ ಹೆಸರು ಎಲ್ಲ ಬರೆದಳು. ಮೊದಲ ಹೆಸರು ದೊಡ್ಡಜ್ಜಿಯದು.

“ಮತ್ತೆ ಅತಿ ಹತ್ತಿರ ಬರೋದು ಯಾವಾಗ ತಾತ?”

“2035ರ ಮೇ ತಿಂಗಳು.”

“ಆಗ ನಂಗೆ ಹತ್ತೊಂಬತ್ತು.” ಬೆರಳು ಮಡಿಸಿ ಎಣಿಸಿದಳು. “ದೊಡ್ಡಜ್ಜಿ, ನಿಮಗೆ ತೊಂಬತ್ತು!”

ಅಮ್ಮ ಸ್ವಲ್ಪ ಹೊತ್ತು ಕೆರೆಯ ಕಡೆ ನೋಡುತ್ತ ಕೂತಳು. ಆಮೇಲೆ ಕೋಲು ಹುಡುಕಿಕೊಂಡು ಎದ್ದಳು.

“ಆಗ್ಲಿ, ಬರ್ತೀನಿ. ಮೆಟ್ಟಿಲು ಹತ್ತಿಸೋದು ಮಾತ್ರ ನಿನ್ನ ಕೆಲಸ” ಅಂದಳು.